ಪೌಡರ್ ಸ್ಕೇಲ್‌ನ ಜೀರೋ ಜಾರುತ್ತಿದೆ, ಬೀಮ್ ತಕ್ಕಡಿ ಬೇರೆ ತೂಕ ಹೇಳುತ್ತಿದೆ: ಯಾವುದನ್ನು ನಂಬಲಿ?

ಉದ್ದಗುರಿ

ನಮಸ್ಕಾರ ಎಲ್ಲರಿಗೂ. .308 ರೈಫಲ್‌ಗೆ ನನ್ನ ಕಾಡತೂಸುಗಳನ್ನ ನಾನೇ ರೀಲೋಡ್ ಮಾಡ್ಕೋತೀನಿ (ಖಾಲಿ ಕೇಸ್‌ಗೆ ಮತ್ತೆ ಪೌಡರ್ ತುಂಬೋದು), ಆಗಾಗ 9 ಎಂಎಂ ಪಿಸ್ತೂಲಿಗೂ. ಪೌಡರ್ ತೂಗೋ ಎಲೆಕ್ಟ್ರಾನಿಕ್ ಸ್ಕೇಲ್ ಈಚೆಗೆ ತಲೆ ತಿಂತಾ ಇದೆ. 100 ಗ್ರಾಂ ಸಾಮರ್ಥ್ಯದ ಲೋಡ್ ಸೆಲ್ (ತೂಕವನ್ನ ವಿದ್ಯುತ್ ಸಂಕೇತವಾಗಿ ಬದಲಿಸೋ ಭಾಗ) ಸ್ಕೇಲ್, 0.02 ಗ್ರೇನ್ ಹೆಜ್ಜೆಯಲ್ಲಿ ತೋರಿಸುತ್ತೆ (ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ). ಪೆಟ್ಟಿಗೆ ಜೊತೆ 50 ಗ್ರಾಂನ ಕ್ಯಾಲಿಬ್ರೇಷನ್ ಬಟ್ಟು ಒಂದು, ಅಡಾಪ್ಟರ್ ಒಂದು ಬಂದಿತ್ತು.

ತೊಂದರೆ ಏನಂದ್ರೆ, ಪ್ಯಾನ್ ಇಟ್ಟು ಜೀರೋ ಮಾಡಿ ಕೆಲಸ ಶುರು ಮಾಡ್ತೀನಿ. ಅರ್ಧ ಗಂಟೆ ಆದ್ಮೇಲೆ ಪೌಡರನ್ನ ಕೇಸ್‌ಗೆ (ಕಾಡತೂಸಿನ ಹಿತ್ತಾಳೆ ಕೋಶಕ್ಕೆ) ಸುರಿದು ಖಾಲಿ ಪ್ಯಾನ್ ವಾಪಸ್ ಇಟ್ರೆ 0.00 ಬರೋ ಕಡೆ −0.16 ಅಂತ ನಿಲ್ಲುತ್ತೆ. ಸ್ಕೇಲ್ 40.00 ಅಂತ ತೋರಿಸಿದ ಪೌಡರನ್ನ ಹಳೇ ಬೀಮ್ ತಕ್ಕಡಿ (ಕಂಬಿ ಮೇಲೆ ತೂಕದ ತುಂಡು ಸರಿಸಿ ತೂಗೋದು) ಮೇಲೆ ಇಟ್ಟು ನೋಡಿದೆ, ಅದು 40.1 ದಾಟಿ 40.2ರ ಹತ್ತಿರ ಹೋಗಿ ನಿಲ್ತು. ಇನ್ನೊಂದು ವಿಚಿತ್ರ: ಟ್ರಿಕ್ಲರ್‌ನಿಂದ (ಪೌಡರನ್ನ ಚೂರುಚೂರೇ ಉದುರಿಸೋ ಸಾಧನ) ಒಂದೊಂದೇ ಪೌಡರ್ ಕಡ್ಡಿ ಬೀಳಿಸುವಾಗ ಅಂಕಿ ಅಲ್ಲಾಡೋದೇ ಇಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ 0.06 ಹಾರುತ್ತೆ.

ಕ್ಯಾಲಿಬ್ರೇಷನ್ ಗುಂಡಿ ಒತ್ತಿ 50 ಗ್ರಾಂ ಬಟ್ಟು ಇಟ್ಟು ಮತ್ತೆ ಮತ್ತೆ ಕ್ಯಾಲಿಬ್ರೇಟ್ ಮಾಡಿದೀನಿ. ಸ್ವಲ್ಪ ಹೊತ್ತು ಸರಿ ಇರುತ್ತೆ, ಆಮೇಲೆ ಅದೇ ಕಥೆ. ಲೋಡ್ ಸೆಲ್ ಹೋಗಿದೆಯಾ? ಹೊಸದು ತಗೊಳ್ಳೋದೇ ದಾರಿಯಾ? ಅದಕ್ಕಿಂತ ಮುಖ್ಯವಾಗಿ, ಈ ಸ್ಕೇಲ್ ನಂಬಿ ಈಗಾಗಲೇ ತುಂಬಿಸಿರೋ ರೌಂಡ್‌ಗಳು ಡಬ್ಬಿಯಲ್ಲಿ ಕೂತಿವೆ. ಅವನ್ನ ಏನು ಮಾಡಲಿ?

ಹಳೇತಕ್ಕಡಿ

ಬೀಮ್ ತಕ್ಕಡಿಯನ್ನೇ ನಂಬಿ. ಅದಕ್ಕೆ ಕರೆಂಟ್ ಬೇಡ, ಬಿಸಿಯಾಗುವುದನ್ನು ಕಾಯಬೇಕಾಗಿಲ್ಲ, ಫೋನ್ ಬಂದರೆ ಅದು ನಡುಗುವುದಿಲ್ಲ. ನಾನು ಬಹಳ ವರ್ಷದಿಂದ ಅದೊಂದರಲ್ಲೇ ತೂಗುತ್ತಿದ್ದೇನೆ. ಬೀಮ್‌ನ ಕತ್ತಿಯಂಚು ಕೂರುವ ಜಾಗದಲ್ಲಿ ದೂಳು ಕೂರದಂತೆ, ಓಲಾಟ ನಿಲ್ಲಿಸುವ ಡ್ಯಾಂಪರ್‌ನ ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟದಂತೆ ನೋಡಿಕೊಂಡರೆ ಸಾಕು. ಸೂಚಕದ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ, ಮೇಲಿನಿಂದ ಬಗ್ಗಿ ನೋಡಬೇಡಿ. ಎಲೆಕ್ಟ್ರಾನಿಕ್ ಅನ್ನು ಬುಲೆಟ್, ಕೇಸ್ ವಿಂಗಡಿಸಲು ಇಟ್ಟುಕೊಳ್ಳಿ.

ಬಟ್ಟುಪೆಟ್ಟಿಗೆ

ಉದ್ದಗುರಿ ಸರ್, ದಯವಿಟ್ಟು ಆ ಕ್ಯಾಲಿಬ್ರೇಷನ್ ಗುಂಡಿಯಿಂದ ಕೈ ತೆಗೆಯಿರಿ. ಲ್ಯಾಬ್ ತಕ್ಕಡಿಗಳನ್ನು ಸರ್ವಿಸ್ ಮಾಡುವುದು ನನ್ನ ಹೊಟ್ಟೆಪಾಡು, ರೀಲೋಡಿಂಗ್ ನನ್ನ ಹವ್ಯಾಸ. ಎರಡೂ ಕಡೆ ಒಂದೇ ದೃಶ್ಯ ನೋಡುತ್ತೇನೆ: ತೂಕ ಅನುಮಾನ ಬಂದ ತಕ್ಷಣ ಜನ ಕ್ಯಾಲಿಬ್ರೇಟ್ ಮಾಡುತ್ತಾರೆ, ತಪ್ಪು ಯಾವ ಜಾತಿಯದು ಅಂತ ನೋಡುವುದೇ ಇಲ್ಲ.

ಸ್ಕೇಲ್ ಎರಡು ರೀತಿಯಲ್ಲಿ ಸುಳ್ಳು ಹೇಳುತ್ತದೆ. ಒಂದು, ಜೀರೋ ಜಾರುವುದು. ಆಗ 4 ಗ್ರೇನ್ ಇಟ್ಟರೂ 40 ಇಟ್ಟರೂ 700 ಇಟ್ಟರೂ ತಪ್ಪು ಅಷ್ಟೇ ಇರುತ್ತದೆ, ಉದಾಹರಣೆಗೆ ಎಲ್ಲಾ ಕಡೆ 0.16 ಕಡಿಮೆ. ಇನ್ನೊಂದು, ಸ್ಪ್ಯಾನ್ ತಪ್ಪುವುದು. ಆಗ ತಪ್ಪು ತೂಕದ ಜೊತೆ ಬೆಳೆಯುತ್ತದೆ, ಶೇಕಡಾ ಲೆಕ್ಕದಲ್ಲಿ. 50 ಗ್ರಾಂ ಬಟ್ಟು ಇಟ್ಟು ನೀವು ಮಾಡುವ ಕ್ಯಾಲಿಬ್ರೇಷನ್ ಸರಿಪಡಿಸುವುದು ಈ ಎರಡನೆಯದನ್ನು ಮಾತ್ರ.

ಈಗ ನಿಮ್ಮ ಲೆಕ್ಕ ನೋಡಿ. 40 ಗ್ರೇನ್‌ನಲ್ಲಿ 0.2 ವ್ಯತ್ಯಾಸ ಅಂದರೆ ಶೇಕಡಾ 0.5. ಇದು ಸ್ಪ್ಯಾನ್ ತಪ್ಪೇ ಆಗಿದ್ದರೆ 50 ಗ್ರಾಂ ಬಟ್ಟು ಇಟ್ಟಾಗ ಕಾಲು ಗ್ರಾಂ ಕಡಿಮೆ ತೋರಿಸಬೇಕಿತ್ತು. ಅಷ್ಟು ದೊಡ್ಡ ತಪ್ಪು ನಿಮ್ಮ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಹಾಗಾಗಿ ನೀವು ಎಷ್ಟು ಸಲ ಕ್ಯಾಲಿಬ್ರೇಟ್ ಮಾಡಿದರೂ ರೋಗಕ್ಕೆ ಮದ್ದು ತಗಲುತ್ತಿಲ್ಲ. ಸ್ವಲ್ಪ ಹೊತ್ತು ಸರಿಯಾಗುವುದು ಯಾಕೆ ಅಂದರೆ ಕ್ಯಾಲಿಬ್ರೇಟ್ ಮಾಡುವಾಗ ಸ್ಕೇಲ್ ಜೀರೋವನ್ನೂ ಹೊಸದಾಗಿ ತೆಗೆದುಕೊಳ್ಳುತ್ತದೆ. ಬರೀ ಟೇರ್ ಗುಂಡಿ (ಜೀರೋ ಮಾಡುವ ಗುಂಡಿ) ಒತ್ತಿದ್ದರೂ ಅಷ್ಟೇ ಫಲ ಸಿಗುತ್ತಿತ್ತು.

ಖಚಿತ ಮಾಡಿಕೊಳ್ಳಲು ಸಣ್ಣ ಬಟ್ಟುಗಳ ಒಂದು ಸೆಟ್ ಬೇಕು. ಓಐಎಂಎಲ್ (ತೂಕ ಅಳತೆಗಳ ಅಂತರರಾಷ್ಟ್ರೀಯ ಸಂಸ್ಥೆ) ದರ್ಜೆಗಳಲ್ಲಿ ಎಫ್2 ಸಾಕು, ಎಫ್1 ಸಿಕ್ಕರೆ ಇನ್ನೂ ಒಳ್ಳೆಯದು. 2 ಗ್ರಾಂ, 500 ಮಿಲಿಗ್ರಾಂ, 100 ಮಿಲಿಗ್ರಾಂ ಮೂರೂ ಸೇರಿದರೆ 2.6 ಗ್ರಾಂ, ಅಂದರೆ 40.12 ಗ್ರೇನ್. ನಿಮ್ಮ ಚಾರ್ಜ್ (ಒಂದು ಕೇಸ್‌ಗೆ ತುಂಬುವ ಪೌಡರ್) ಇರುವ ಜಾಗವೇ ಅದು. ಎಫ್2 ದರ್ಜೆಯಲ್ಲಿ ಈ ಮೂರರ ಅನುಮತಿಸಿದ ತಪ್ಪು 0.4, 0.25, 0.16 ಮಿಲಿಗ್ರಾಂ. ಮೂರೂ ಒಂದೇ ದಿಕ್ಕಿಗೆ ತಪ್ಪಿದರೂ 0.0125 ಗ್ರೇನ್ ಆಗುತ್ತದೆ, ನಿಮ್ಮ ಸ್ಕೇಲ್‌ನ ಒಂದು ಹೆಜ್ಜೆಗಿಂತ ಕಡಿಮೆ. ಎಂ1 ದರ್ಜೆಯ ಬಟ್ಟಾದರೆ ಅದೇ ಲೆಕ್ಕ ಸುಮಾರು 0.04 ಗ್ರೇನ್‌ಗೆ ಹೋಗುತ್ತದೆ, ಎರಡು ಹೆಜ್ಜೆ. ಸ್ಕೇಲ್ ಪರೀಕ್ಷಿಸಲು ಹೊರಟ ಬಟ್ಟು ಸ್ಕೇಲ್‌ಗಿಂತ ಸಡಿಲವಾಗಿ ಇರಬಾರದು.

ಹಾಗೇ 200 ಮತ್ತು 50 ಮಿಲಿಗ್ರಾಂ ಸೇರಿಸಿ ಇಟ್ಟರೆ 3.86 ಗ್ರೇನ್, 9 ಎಂಎಂ ಚಾರ್ಜ್‌ನ ಹತ್ತಿರ. ಕೊನೆಗೆ ನಿಮ್ಮ 50 ಗ್ರಾಂ ಬಟ್ಟು, ಅದು 771.62 ಗ್ರೇನ್ ತೋರಿಸಬೇಕು.

ಸ್ಕೇಲ್ ಹಾಕಿದ ಕೂಡಲೇ ಜೀರೋ ಮಾಡಿ ಈ ಮೂರನ್ನೂ ತೂಗಿ ಬರೆದುಕೊಳ್ಳಿ. ಆಮೇಲೆ ಎಂದಿನಂತೆ ಕೆಲಸ ಮಾಡಿ, ಆದರೆ ಟೇರ್ ಮುಟ್ಟಬೇಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಮೂರನ್ನೂ ತೂಗಿ. 2.6 ಗ್ರಾಂ ಅನ್ನು ಬೀಮ್ ಮೇಲೂ ಇಡಿ. ಬೀಮ್ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಅದನ್ನು ನಂಬುವುದೂ ಸರಿಯಲ್ಲ, ಹಳೇತಕ್ಕಡಿಯವರು ಬೇಸರ ಮಾಡಿಕೊಳ್ಳಬಾರದು. ಪಾಯ್ಸ್ (ಬೀಮ್ ಮೇಲೆ ಸರಿಸುವ ತೂಕದ ತುಂಡು) ತನ್ನ ಕಚ್ಚಿನಲ್ಲಿ ಸರಿಯಾಗಿ ಕೂರದಿದ್ದರೆ ಬೀಮ್ ಕೂಡ ಧೈರ್ಯವಾಗಿ ತಪ್ಪು ಹೇಳುತ್ತದೆ.

ಇನ್ನೊಂದು ಅಭ್ಯಾಸ ಇವತ್ತಿನಿಂದಲೇ ಶುರು ಮಾಡಿ. ಪ್ಯಾನ್ ಇಟ್ಟು ಜೀರೋ ಮಾಡಿದ ಮೇಲೆ ಪ್ಯಾನ್ ಎತ್ತಿದರೆ ಪರದೆಯಲ್ಲಿ ಮೈನಸ್ ಅಂಕಿ ಬರುತ್ತದಲ್ಲ, ಅದು ಪ್ಯಾನ್‌ನ ತೂಕ. ಅದನ್ನು ಒಂದು ಚೀಟಿಯಲ್ಲಿ ಬರೆದು ಸ್ಕೇಲ್‌ಗೆ ಅಂಟಿಸಿ. ಪ್ರತಿ ಚಾರ್ಜ್ ಎತ್ತಿದಾಗಲೂ ಆ ಅಂಕಿ ಅಲ್ಲಿಗೇ ಬರಬೇಕು. ಖಾಲಿ ಪ್ಯಾನ್ 0.00 ತೋರಿಸುತ್ತಿದೆ ಅನ್ನುವುದು ಅಷ್ಟು ಒಳ್ಳೆಯ ಸಾಕ್ಷಿ ಅಲ್ಲ, ಯಾಕೆಂದರೆ ಹೆಚ್ಚಿನ ಸ್ಕೇಲ್‌ಗಳು ಜೀರೋದ ಹತ್ತಿರ ನಿಧಾನವಾಗಿ ಆಗುವ ಸಣ್ಣ ಬದಲಾವಣೆಯನ್ನು ತಾವೇ ನುಂಗಿ ಮತ್ತೆ 0.00 ಮಾಡಿಕೊಳ್ಳುತ್ತವೆ. ಪೌಡರ್ ತುಂಬಿದ ಪ್ಯಾನ್ ಎತ್ತಿದ ಆ ಗಳಿಗೆಯ ಮೈನಸ್ ಅಂಕಿಯಲ್ಲಿ ಜಾರಾಟ ಬಯಲಾಗುತ್ತದೆ.

ಟ್ರಿಕ್ಲರ್ ಅಂಕಿ ಹಾರುವುದಕ್ಕೂ ಇದೇ ಸ್ವಭಾವ ಕಾರಣ. ಉದ್ದ ಕಡ್ಡಿ ಪೌಡರ್‌ನ ಒಂದು ಕಡ್ಡಿ ಸುಮಾರು 0.02 ಗ್ರೇನ್ ತೂಗುತ್ತದೆ. ಒಂದೊಂದಾಗಿ ನಿಧಾನಕ್ಕೆ ಬಿದ್ದರೆ ಸ್ಕೇಲ್‌ನ ಒಳಗಿನ ಲೆಕ್ಕಾಚಾರಕ್ಕೆ ಇದು ಪೌಡರ್ರೋ ಜೀರೋ ಜಾರಾಟವೋ ಗೊತ್ತಾಗುವುದಿಲ್ಲ. ಕೆಲವು ಸ್ಕೇಲ್ ಅದನ್ನು ಪೂರ್ತಿ ನುಂಗಿಬಿಡುತ್ತವೆ, ಕೆಲವು ಅಂಕಿಯನ್ನು ಹಿಡಿದಿಟ್ಟುಕೊಂಡು ಆಮೇಲೆ ಒಟ್ಟಿಗೆ ಹಾರಿಸುತ್ತವೆ. ಕೊನೆಯ ಕಡ್ಡಿ ಬಿದ್ದ ಮೇಲೆ ಪ್ಯಾನ್ ಎತ್ತಿ ಮತ್ತೆ ಇಡಿ. ಆಗ ಬರುವ ಅಂಕಿ ಮಾತ್ರ ಲೆಕ್ಕಕ್ಕೆ.

ಒಣಹವೆ

ಮೇಲಿನದೆಲ್ಲ ಒಪ್ಪುತ್ತೇನೆ, ಆದರೆ ಸ್ಥಾಯಿ ವಿದ್ಯುತ್ ಮರೆಯಬೇಡಿ. ಗಾಳಿ ಒಣಗಿದ ದಿನಗಳಲ್ಲಿ ನನ್ನ ಸ್ಕೇಲ್ ಹೀಗೇ ಆಡುತ್ತಿತ್ತು. ಪತ್ತೆ ಮಾಡುವುದು ಸುಲಭ: ಪ್ಲಾಸ್ಟಿಕ್ ಗಾಳಿಮರೆಯನ್ನು ಬಟ್ಟೆಯಿಂದ ಒರೆಸಿ ಮುಚ್ಚಿ. ಅಂಕಿ ತಟ್ಟನೆ ಹಾರಿ ಆಮೇಲೆ ನಿಧಾನವಾಗಿ ಇಳಿದರೆ ಅದು ಸ್ಥಾಯಿ ವಿದ್ಯುತ್ತೇ. ಕೈ ಹತ್ತಿರ ತಂದರೆ ಅಂಕಿ ಸರಿಯುವುದೂ ಇದೇ ಲಕ್ಷಣ. ಪ್ಲಾಸ್ಟಿಕ್ ಪ್ಯಾನ್ ಬಿಟ್ಟು ಲೋಹದ ಪ್ಯಾನ್‌ಗೆ ಹೋದೆ, ಕೋಣೆಯ ತೇವಾಂಶ ಶೇಕಡಾ 40ರಿಂದ 60ರ ಒಳಗೆ ಇರುವಂತೆ ನೋಡಿಕೊಂಡೆ, ಪ್ಲಾಸ್ಟಿಕ್ ಫನಲ್ ಅನ್ನು ಸ್ಕೇಲ್ ಪಕ್ಕದಿಂದ ಆಚೆ ಇಟ್ಟೆ. ನಿಂತುಹೋಯಿತು.

ಪೌಡರ್ ಕಡ್ಡಿಗಳಿಗೆ ಗ್ರಾಫೈಟ್ ಲೇಪನ ಇರುವುದರಲ್ಲೂ ಈ ಕಾಟ ತಪ್ಪಿಸುವ ಉದ್ದೇಶ ಇದೆ. ಆದರೂ ಪ್ಲಾಸ್ಟಿಕ್‌ಗೆ ಕಡ್ಡಿಗಳು ಅಂಟಿಕೊಳ್ಳುವುದನ್ನು ನೀವೇ ನೋಡಿರುತ್ತೀರಿ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಹಾಳೆಯಿಂದ ಫನಲ್ ಒರೆಸಿದರೆ ಅದು ನಿಲ್ಲುತ್ತದೆ.

ಬಟ್ಟುಪೆಟ್ಟಿಗೆ

ಒಣಹವೆಯವರ ಪರೀಕ್ಷೆ ಚೆನ್ನಾಗಿದೆ, ಮಾಡಿ ನೋಡಿ. ಆ ಹಾಳೆಯಿಂದ ಫನಲ್ ಒರೆಸುವುದಕ್ಕೆ ತಕರಾರಿಲ್ಲ, ಪ್ಯಾನ್ ಮಾತ್ರ ಒರೆಸಬೇಡಿ. ಅದರ ಮೇಣದಂಥ ಅಂಶ ಪ್ಯಾನ್‌ಗೆ ಹತ್ತಿ ಕಡ್ಡಿಗಳು ತಳದಲ್ಲಿ ಉಳಿಯುವುದನ್ನು ನೋಡಿದ್ದೇನೆ.

ಆದರೆ ಸ್ಥಾಯಿ ವಿದ್ಯುತ್ತಿನ ತಪ್ಪು ಸಾಮಾನ್ಯವಾಗಿ ಎರಡೂ ದಿಕ್ಕಿಗೆ ಅಲೆದಾಡುತ್ತದೆ. ಉದ್ದಗುರಿಯವರದು ಒಂದೇ ದಿಕ್ಕಿಗೆ, ನಿಧಾನವಾಗಿ, ಅರ್ಧ ಗಂಟೆಯಲ್ಲಿ ಜಾರಿದೆ. ಅಂಥದ್ದನ್ನು ಕಂಡಾಗ ನಾನು ಮೊದಲು ಬಿಸಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತೇನೆ. ಫಲಿತಾಂಶ ಬರಲಿ.

ಉದ್ದಗುರಿ

ಎಲ್ಲರಿಗೂ ಧನ್ಯವಾದ. ಎಫ್2 ಸೆಟ್ ತರಿಸಿ ಹೇಳಿದ ಹಾಗೇ ಮಾಡಿದೆ.

ಶುರುವಿನಲ್ಲಿ: 250 ಮಿಲಿಗ್ರಾಂಗೆ 3.86, 2.6 ಗ್ರಾಂಗೆ 40.12, 50 ಗ್ರಾಂಗೆ 771.62. ಮೂರೂ ಕರಾರುವಾಕ್ಕು.

ಅರ್ಧ ಗಂಟೆ ಆದ್ಮೇಲೆ, ಟೇರ್ ಮುಟ್ಟದೆ: 3.70, 39.96, 771.46. ಪ್ಯಾನ್ ಎತ್ತಿದಾಗಿನ ಮೈನಸ್ ಅಂಕಿ ಕೂಡ ಅಷ್ಟೇ ಜಾರಿತ್ತು.

ಬೀಮ್ ಮೇಲೆ 2.6 ಗ್ರಾಂ ಇಟ್ರೆ 40.1ಕ್ಕಿಂತ ಕೂದಲೆಳೆ ಮೇಲೆ ನಿಲ್ತು. ಅಂದ್ರೆ ಬೀಮ್ ಸರಿ ಇದೆ ಅಂತ ಅಂದ್ಕೋತೀನಿ.

ಗಾಳಿಮರೆ ಒರೆಸಿ ನೋಡಿದೆ, ಅಂಕಿ ಸ್ವಲ್ಪ ಹಾರಿ ತಕ್ಷಣ ವಾಪಸ್ ಬಂತು. ಬ್ಯಾಟರಿ ಹಾಕಿ ಅಡಾಪ್ಟರ್ ತೆಗೆದೆ, ಆದ್ರೂ ಜಾರುತ್ತೆ. ಫ್ಯಾನ್, ಎಸಿ ಎರಡೂ ಆಫ್ ಇದ್ವು. ಬೆಂಚ್ ಮೇಲೆ ಸ್ಕೇಲ್ ಎಡಕ್ಕೆ ಮೊಣಕೈ ಉದ್ದದ ಟೇಬಲ್ ಲ್ಯಾಂಪ್ ಬಾಗಿಸಿ ಇಟ್ಕೋತೀನಿ, ಕಡ್ಡಿ ಕಾಣಲಿ ಅಂತ. ಫೋನ್ ಸ್ಕೇಲ್ ಪಕ್ಕದಲ್ಲೇ ಇರುತ್ತೆ, ತೂಕ ಬರ್ಕೊಳ್ಳೋಕೆ.

ಬಟ್ಟುಪೆಟ್ಟಿಗೆ

ಇಷ್ಟು ಸ್ಪಷ್ಟವಾದ ಫಲಿತಾಂಶ ನನ್ನ ಕೆಲಸದಲ್ಲೂ ಅಪರೂಪ. ಮೂರು ಕಡೆಯೂ ಸರಿಯಾಗಿ 0.16 ಕಡಿಮೆ. 3.86ರಲ್ಲಿ ಎಷ್ಟೋ 771ರಲ್ಲೂ ಅಷ್ಟೇ. ಸ್ಪ್ಯಾನ್ ಅಚ್ಚುಕಟ್ಟಾಗಿದೆ, ಲೋಡ್ ಸೆಲ್ ಹಾಳಾಗಿಲ್ಲ, ಕ್ಯಾಲಿಬ್ರೇಷನ್ ಬೇಕಾಗಿಲ್ಲ. ಜೀರೋ ಒಂದೇ ಜಾರಿದೆ. ಆ ಲ್ಯಾಂಪನ್ನು ಮೊದಲು ಅಲ್ಲಿಂದ ತೆಗೆಯಿರಿ.

ಲ್ಯಾಂಪ್ ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಪ್ಯಾನ್ ಕೆಳಗೆ ಒಂದು ಸಣ್ಣ ಅಲ್ಯೂಮಿನಿಯಂ ಕಂಬಿ ಇದೆ, ನಡುವೆ ತೂತು ಕೊರೆದು ತೆಳ್ಳಗೆ ಮಾಡಿದ್ದು. ಆ ತೆಳು ಜಾಗದಲ್ಲಿ ನಾಲ್ಕು ಸ್ಟ್ರೇನ್ ಗೇಜ್ ಅಂಟಿಸಿರುತ್ತಾರೆ, ಉಗುರಿನ ಅಗಲದ ಹಾಳೆ ಅಂದುಕೊಳ್ಳಿ. ತೂಕ ಬಿದ್ದರೆ ಕಂಬಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎರಡು ಗೇಜ್ ಹಿಗ್ಗುತ್ತವೆ, ಎರಡು ಕುಗ್ಗುತ್ತವೆ, ಅವುಗಳ ರೋಧ ಬದಲಾಗುತ್ತದೆ. ನಾಲ್ಕನ್ನೂ ವೀಟ್‌ಸ್ಟನ್ ಬ್ರಿಜ್ ಆಗಿ ಜೋಡಿಸಿ ಆ ವ್ಯತ್ಯಾಸವನ್ನು ವೋಲ್ಟೇಜ್ ಆಗಿ ಓದುತ್ತಾರೆ.

ಆ ವೋಲ್ಟೇಜ್ ಎಷ್ಟು ಸಣ್ಣದು ಅಂದರೆ: ಒಂದು ವೋಲ್ಟ್‌ಗೆ 2 ಮಿಲಿವೋಲ್ಟ್ ಕೊಡುವ ಸೆಲ್‌ಗೆ 5 ವೋಲ್ಟ್ ಹಾಕಿದರೆ ಪೂರ್ತಿ 100 ಗ್ರಾಂಗೆ ಸಿಗುವುದು 10 ಮಿಲಿವೋಲ್ಟ್. ನಿಮ್ಮ 0.02 ಗ್ರೇನ್ ಅಂದರೆ 1.3 ಮಿಲಿಗ್ರಾಂ. ಅದರ ಪಾಲಿಗೆ ಬರುವುದು ಸುಮಾರು 0.13 ಮೈಕ್ರೋವೋಲ್ಟ್. ಬೆಸುಗೆ ಹಾಕಿದ ಕಡೆ ಎರಡು ಬೇರೆ ಲೋಹ ಸೇರುತ್ತವೆ. ಅಲ್ಲಿ ಒಂದು ತುದಿಗೂ ಇನ್ನೊಂದಕ್ಕೂ ಒಂದು ಡಿಗ್ರಿ ಬಿಸಿ ವ್ಯತ್ಯಾಸ ಬಂದರೆ ಒಂದೆರಡು ಮೈಕ್ರೋವೋಲ್ಟ್ ತಾನಾಗಿಯೇ ಹುಟ್ಟಬಹುದು. ನೀವು ತೂಗುವ ಕಡ್ಡಿಗಿಂತ ಹತ್ತು ಪಟ್ಟು ಅದು. ಇಡೀ ಕೋಣೆ ಸಮನಾಗಿ ಬಿಸಿಯಾದರೆ ನಾಲ್ಕು ಗೇಜ್‌ಗಳೂ ಒಟ್ಟಿಗೆ ಬದಲಾಗಿ ಬ್ರಿಜ್ ಬಹುಪಾಲು ಅದನ್ನು ಕಳೆದುಹಾಕುತ್ತದೆ. ಎಡದಿಂದ ಮಾತ್ರ ಬಿಸಿ ಬಿದ್ದರೆ ಕಳೆಯಲು ಆಗುವುದಿಲ್ಲ. ಬಾಗಿಸಿಟ್ಟ ಲ್ಯಾಂಪ್ ಮಾಡುತ್ತಿರುವುದು ಇದನ್ನೇ.

ಬೆಳಕು ಬೇಕೇ ಬೇಕು, ಆದರೆ ಮೇಲಿನಿಂದ, ದೂರದಿಂದ ಬರಲಿ. ಸ್ಕೇಲ್ ಮೇಲೆ ಬಿಸಿಲು ಬೀಳುವ ಕಿಟಕಿಯೂ ಇದೇ ಕೆಲಸ ಮಾಡುತ್ತದೆ.

ಆಮೇಲೆ ವಾರ್ಮಪ್. ಸ್ಕೇಲ್ ಹಾಕಿದ ಕೂಡಲೇ ಒಳಗಿನ ಸರ್ಕ್ಯೂಟ್ ಬಿಸಿಯಾಗಲು ಶುರುವಾಗುತ್ತದೆ, ಗೇಜ್‌ಗಳೂ ತಮ್ಮಲ್ಲಿ ಹರಿಯುವ ಕರೆಂಟಿನಿಂದಲೇ ಬೆಚ್ಚಗಾಗುತ್ತವೆ. ಅದು ನೆಲೆಗೆ ನಿಲ್ಲುವವರೆಗೆ ಜೀರೋ ನಡೆಯುತ್ತಲೇ ಇರುತ್ತದೆ. ಕೆಲಸಕ್ಕೆ ಒಂದು ಗಂಟೆ ಮೊದಲೇ ಹಾಕಿಡಿ. ತಾನಾಗಿ ಆಫ್ ಆಗುವ ಸೌಲಭ್ಯ ಇದ್ದರೆ ಅದನ್ನು ತೆಗೆದುಹಾಕಿ. ನಾನು ನನ್ನದನ್ನು ಆಫ್ ಮಾಡುವುದೇ ಇಲ್ಲ. ಲ್ಯಾಬ್‌ಗಳಲ್ಲಿ 0.1 ಮಿಲಿಗ್ರಾಂ ಓದುವ ತಕ್ಕಡಿಗಳನ್ನು ಹಗಲೂ ರಾತ್ರಿ ಹಾಕೇ ಇಟ್ಟಿರುತ್ತಾರೆ.

ಫೋನ್ ವಿಷಯ ಚಿಕ್ಕದು. ಮೈಕ್ರೋವೋಲ್ಟ್ ಓದುವ ಯಂತ್ರದ ಪಕ್ಕ ರೇಡಿಯೋ ಕಳಿಸುವ ಯಂತ್ರ ಇಡಬಾರದು. ಕಾಗದ, ಪೆನ್ಸಿಲ್ ಬಳಸಿ.

ಗಾಳಿಮರೆ ಸದಾ ಮುಚ್ಚಿರಲಿ, ಪ್ಯಾನ್ ವೇದಿಕೆಯ ನಡುವೆಯೇ ಕೂರಲಿ. ರೀಲೋಡಿಂಗ್ ಪ್ರೆಸ್ ಬಿಗಿದಿರುವ ಬೆಂಚಿನ ಮೇಲೆ ಸ್ಕೇಲ್ ಬೇಡ, ಹಿಡಿ ಎಳೆದಾಗಲೆಲ್ಲ ಬೆಂಚ್ ಬಾಗುತ್ತದೆ. ಬೆಂಚ್ ಬಾಗಿದರೆ ಸ್ಕೇಲ್ ವಾಲುತ್ತದೆ. ಒಂದು ಡಿಗ್ರಿ ವಾಲಿದರೆ ತೂಕದಲ್ಲಿ ಶೇಕಡಾ 0.015 ಮಾತ್ರ ಕಡಿಮೆಯಾಗುತ್ತದೆ, 40 ಗ್ರೇನ್‌ಗೆ ಅದು ಏನೂ ಅಲ್ಲ. ಆದರೆ ವೇದಿಕೆಯ ಸ್ವಂತ ಭಾರವೂ ಸೆಲ್ ಮೇಲೆ ಇದೆಯಲ್ಲ, ಜೀರೋ ಮಾಡಿದ ಮೇಲೆ ವಾಲಿದರೆ ಆ ಭಾರದ ಪಾಲು ಕಡಿಮೆಯಾಗಿ ಜೀರೋ ಸರಿಯುತ್ತದೆ.

ವೇದಿಕೆ ಎತ್ತಿ ಕೆಳಗೆ ಪೌಡರ್ ಕಡ್ಡಿ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಮೆತ್ತನೆ ಕುಂಚದಿಂದ ತೆಗೆಯಿರಿ. ಒತ್ತಡದ ಗಾಳಿಯ ಡಬ್ಬಿಯಿಂದ ಊದಬೇಡಿ, ಆ ಒತ್ತಡ ಸೆಲ್ ಅನ್ನು ಅದರ ಮಿತಿ ಮೀರಿ ಬಾಗಿಸಬಹುದು. ಬಾಗಿದ ಸೆಲ್ ಮತ್ತೆ ನೆಟ್ಟಗಾಗುವುದಿಲ್ಲ.

ಹಳೇತಕ್ಕಡಿ

ಬಟ್ಟುಪೆಟ್ಟಿಗೆಯವರೇ, ಬೇಸರ ಏನಿಲ್ಲ. ನಾನೂ ನನ್ನ ಬೀಮ್ ಅನ್ನು ಬಟ್ಟು ಇಟ್ಟು ನೋಡುತ್ತೇನೆ. ಆದರೆ ಒಂದು ಪ್ರಶ್ನೆ: ಹಾಗಾದರೆ ಎಲೆಕ್ಟ್ರಾನಿಕ್ ಸ್ಕೇಲ್‌ಗೆ ಕ್ಯಾಲಿಬ್ರೇಷನ್ ಯಾವಾಗ ಬೇಕು?

ಬಟ್ಟುಪೆಟ್ಟಿಗೆ

ಜಾಗ ಬದಲಾಯಿಸಿದಾಗ. ನಿಮ್ಮ ಬೀಮ್ ಪ್ಯಾನಿನ ಭಾರವನ್ನು ಪಾಯ್ಸ್‌ನ ಭಾರಕ್ಕೆ ಹೋಲಿಸುತ್ತದೆ, ಗುರುತ್ವ ಎರಡನ್ನೂ ಒಂದೇ ಸಮ ಎಳೆಯುತ್ತದೆ, ಹಾಗಾಗಿ ಎಲ್ಲಿಟ್ಟರೂ ಅದೇ ಉತ್ತರ. ಲೋಡ್ ಸೆಲ್ ಅಳೆಯುವುದು ಎಳೆತದ ಬಲವನ್ನು. ಭೂಮಧ್ಯರೇಖೆಯಲ್ಲಿ ಗುರುತ್ವ ಸುಮಾರು 9.780 ಮೀ/ಸೆ², ಧ್ರುವದಲ್ಲಿ 9.832. ಈ ಎರಡರ ನಡುವೆ ಶೇಕಡಾ 0.5 ಅಂತರ ಇದೆ, 40 ಗ್ರೇನ್‌ನಲ್ಲಿ 0.2. ಅಷ್ಟು ದೂರ ಯಾರೂ ಸ್ಕೇಲ್ ಹೊತ್ತೊಯ್ಯುವುದಿಲ್ಲ ನಿಜ, ಆದರೆ ಕಾರ್ಖಾನೆ ಒಂದು ಕಡೆ, ನೀವು ಇನ್ನೊಂದು ಕಡೆ. ಹಾಗಾಗಿ ಹೊಸ ಸ್ಕೇಲ್ ಬಂದಾಗ, ಮನೆ ಬದಲಾಯಿಸಿದಾಗ, ಅಥವಾ ಬಟ್ಟುಗಳು ಶೇಕಡಾ ಲೆಕ್ಕದಲ್ಲಿ ತಪ್ಪುತ್ತಿರುವಾಗ ಕ್ಯಾಲಿಬ್ರೇಟ್ ಮಾಡಿ. ಅದೂ ಸ್ಕೇಲ್ ಪೂರ್ತಿ ಬೆಚ್ಚಗಾದ ಮೇಲೆ.

ಉದ್ದಗುರಿ

ಲ್ಯಾಂಪ್ ತೆಗೆದು ಸೂರಿನ ದೀಪ ಹಾಕ್ಕೊಂಡೆ, ಒಂದು ಗಂಟೆ ಮೊದಲೇ ಸ್ಕೇಲ್ ಆನ್ ಮಾಡಿಟ್ಟೆ, ಫೋನ್ ಆಚೆ ಕೋಣೆಯಲ್ಲಿ. ಪ್ಯಾನ್ ಎತ್ತಿದಾಗ ಬರೋ ಮೈನಸ್ ಅಂಕಿ ಇಡೀ ಕೆಲಸ ಮುಗಿಯೋವರೆಗೂ 0.02 ಆಚೀಚೆ ಅಷ್ಟೇ. 2.6 ಗ್ರಾಂ ಬಟ್ಟು ಕೊನೆಯಲ್ಲೂ 40.12. ನಿಮ್ಮ ಋಣ ದೊಡ್ಡದು.

ಈಗ ತುಂಬಿಸಿಟ್ಟ ರೌಂಡ್‌ಗಳ ವಿಷಯ. .308 ಒಂದು ಡಬ್ಬಿ, 9 ಎಂಎಂ ಒಂದು ಡಬ್ಬಿ, ಎರಡೂ ಜಾರುತ್ತಿದ್ದ ಸ್ಕೇಲ್‌ನಲ್ಲೇ ತೂಗಿದ್ದು. ಇಡೀ ರೌಂಡ್‌ಗಳನ್ನೇ ತೂಗಿ ಜಾಸ್ತಿ ಭಾರ ಇರೋದನ್ನ ಆರಿಸಿ ತೆಗೀಬಹುದಾ?

ಬಟ್ಟುಪೆಟ್ಟಿಗೆ

ಆಗುವುದಿಲ್ಲ. ಒಂದೇ ಲಾಟ್‌ನ ಹಿತ್ತಾಳೆ ಕೇಸ್‌ಗಳಲ್ಲೇ ಒಂದಕ್ಕೊಂದು ಗ್ರೇನ್‌ಗಟ್ಟಲೆ ವ್ಯತ್ಯಾಸ ಇರುತ್ತದೆ. ನೀವು ಹುಡುಕುತ್ತಿರುವ 0.16 ಅದರಲ್ಲಿ ಮುಳುಗಿಹೋಗುತ್ತದೆ.

ಜಾರಿದ ದಿಕ್ಕನ್ನು ಗಮನಿಸಿ. ಸ್ಕೇಲ್ ಮೈನಸ್ ಕಡೆಗೆ ಜಾರಿದೆ, ಅಂದರೆ ನಿಜ ತೂಕಕ್ಕಿಂತ ಕಡಿಮೆ ತೋರಿಸಿದೆ. ನೀವು ಅಂಕಿ ಮುಟ್ಟುವವರೆಗೆ ಪೌಡರ್ ಹಾಕಿದ್ದೀರಿ. ಹಾಗಾಗಿ ಪ್ರತಿ ಕೇಸ್‌ನಲ್ಲೂ ಇರುವುದು ಬರೆದುಕೊಂಡದ್ದಕ್ಕಿಂತ ಹೆಚ್ಚು, ಕೊನೆಕೊನೆಗೆ ತುಂಬಿದವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಇದು ಅಪಾಯದ ದಿಕ್ಕು.

.308ರಲ್ಲಿ 40ಕ್ಕೆ 0.16 ಅಂದರೆ ಶೇಕಡಾ 0.4. ನಿಮ್ಮ ಚಾರ್ಜ್ ಕೈಪಿಡಿಯ ಗರಿಷ್ಠಕ್ಕಿಂತ ಸಾಕಷ್ಟು ಕೆಳಗಿದ್ದರೆ ಇದು ಗುರಿಹಲಗೆಯ ಮೇಲೆ ಗುಂಡುಗಳ ಗುಂಪು ಹರಡುವ ವಿಷಯವಷ್ಟೇ. ಗರಿಷ್ಠದ ಹತ್ತಿರ ಕೂತಿದ್ದರೆ ಬಿಚ್ಚಿ.

9 ಎಂಎಂ ಡಬ್ಬಿ ಬಗ್ಗೆ ನನಗೆ ಎರಡನೇ ಮಾತೇ ಇಲ್ಲ, ಎಲ್ಲವನ್ನೂ ಬಿಚ್ಚಿ. 4 ಗ್ರೇನ್‌ಗೆ 0.16 ಅಂದರೆ ಶೇಕಡಾ 4. ಸಣ್ಣ ಕೇಸ್, ಬೇಗ ಉರಿಯುವ ಪೌಡರ್, ಆರಂಭದ ತೂಕಕ್ಕೂ ಗರಿಷ್ಠಕ್ಕೂ ನಡುವೆ ಅರ್ಧ ಮುಕ್ಕಾಲು ಗ್ರೇನ್ ಅಂತರ ಇರುವುದುಂಟು. ಅಲ್ಲಿ 0.16 ಅಂದರೆ ಇರುವ ಜಾಗದಲ್ಲಿ ದೊಡ್ಡ ಪಾಲು. ಎಲ್ಲರೂ ರೈಫಲ್ ಚಾರ್ಜ್‌ನ ನಿಖರತೆಗೆ ತಲೆ ಕೆಡಿಸಿಕೊಳ್ಳುತ್ತಾರೆ, ಪಿಸ್ತೂಲಿನ ಚಾರ್ಜ್ ಬಗ್ಗೆ ಸಡಿಲ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಬಿಗಿ ಬೇಕಾದದ್ದು ಪಿಸ್ತೂಲಿಗೆ.

ಬಿಚ್ಚುವಾಗ ಕಣ್ಣಿಗೆ ಕನ್ನಡಕ ಹಾಕಿ. ಸುತ್ತಿಗೆ ಆಕಾರದ ಬುಲೆಟ್ ಪುಲ್ಲರ್ ಆದರೆ ಮರದ ತುಂಡಿನ ಮೇಲೆ ಬಡಿಯಿರಿ. ಪೌಡರ್ ಯಾವುದೆಂದು ಸಂಶಯವೇ ಇಲ್ಲದಿದ್ದರೆ ಮಾತ್ರ ಅದರದೇ ಡಬ್ಬಿಗೆ ವಾಪಸ್, ಇಲ್ಲವಾದರೆ ಅದನ್ನು ಮತ್ತೆ ಬಳಸಬೇಡಿ. ಕೇಸ್‌ನಲ್ಲಿ ಪ್ರೈಮರ್ (ಪೌಡರ್ ಹೊತ್ತಿಸುವ ಬಿಲ್ಲೆ) ಹಾಗೇ ಇರುವುದರಿಂದ ಕೇಸ್‌ನ ಕುತ್ತಿಗೆಯನ್ನು ಮತ್ತೆ ಸೈಜ್ ಮಾಡುವ ಮೊದಲು ಡೈನಿಂದ (ಕೇಸ್‌ಗೆ ಆಕಾರ ಕೊಡುವ ಅಚ್ಚಿನಿಂದ) ಪ್ರೈಮರ್ ಹೊರದಬ್ಬುವ ಡೀಕ್ಯಾಪಿಂಗ್ ಪಿನ್ ಕಳಚಿಡಿ.

ಬಿಚ್ಚಿದ ಮೊದಲ ಕೆಲವು .308 ಚಾರ್ಜ್‌ಗಳನ್ನು ಈಗ ನೆಲೆ ನಿಂತ ಸ್ಕೇಲ್ ಮೇಲೂ ಬೀಮ್ ಮೇಲೂ ತೂಗಿ ಬರೆದಿಡಿ. ಡಬ್ಬಿಯ ಮೊದಲ ಸಾಲಿನಿಂದ ಕೆಲವು, ಕೊನೆಯ ಸಾಲಿನಿಂದ ಕೆಲವು. ಜಾರಾಟ ಎಷ್ಟಿತ್ತು, ಯಾವ ವೇಗದಲ್ಲಿ ಬೆಳೆಯಿತು ಅಂತ ನಿಮ್ಮ ಕೈಯಲ್ಲೇ ಸಿಗುತ್ತದೆ. ಉಳಿದದ್ದನ್ನು ಇಟ್ಟುಕೊಳ್ಳಬಹುದಾ ಬಿಚ್ಚಬೇಕಾ ಅನ್ನುವುದನ್ನು ಆ ಅಂಕಿ ನೋಡಿ ತೀರ್ಮಾನಿಸಿ.

ಒಣಹವೆ

ಒಂದು ಸೇರಿಸುತ್ತೇನೆ: ಗ್ರೇನ್, ಗ್ರಾಂ, ಕ್ಯಾರಟ್ ಬದಲಾಯಿಸುವ ಗುಂಡಿ ಟೇರ್ ಪಕ್ಕದಲ್ಲೇ ಇರುವ ಸ್ಕೇಲ್‌ಗಳಿವೆ. ಒಂದು ಕ್ಯಾರಟ್ ಅಂದರೆ 3.09 ಗ್ರೇನ್. ಪರದೆಯ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರುವ ಅಳತೆಯನ್ನು ಪ್ರತಿ ಸಲ ಕೂರುವಾಗಲೂ ನೋಡಬೇಕು. 3.86 ತೋರಿಸಬೇಕಾದ ಬಟ್ಟು 1.25 ತೋರಿಸಿದರೆ ಆ ಗುಂಡಿ ತಗುಲಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಉದ್ದಗುರಿ

9 ಎಂಎಂ ಡಬ್ಬಿ ಬಿಚ್ಚೋಕೆ ಇವತ್ತು ಸಂಜೆಯಿಂದ ಕೂರ್ತೀನಿ. .308ರಲ್ಲಿ ನನ್ನ ಚಾರ್ಜ್ ಗರಿಷ್ಠಕ್ಕಿಂತ ಒಂದೂವರೆ ಗ್ರೇನ್ ಕೆಳಗಿದೆ, ಆದ್ರೂ ಎರಡೂ ಸಾಲಿಂದ ಬಿಚ್ಚಿ ತೂಗಿ ಅಂಕಿ ಇಲ್ಲೇ ಹಾಕ್ತೀನಿ. ಬಟ್ಟುಗಳನ್ನ ಚಿಮಟದಲ್ಲೇ ಹಿಡೀಬೇಕಾ, ಕೈಯಲ್ಲಿ ಹಿಡಿದ್ರೆ ನಡೆಯುತ್ತಾ?

ಬಟ್ಟುಪೆಟ್ಟಿಗೆ

ಪ್ಲಾಸ್ಟಿಕ್ ತುದಿಯ ಚಿಮಟದಲ್ಲೇ ಹಿಡಿಯಿರಿ. ಬೆರಳಿನ ಎಣ್ಣೆ ಬಟ್ಟಿಗೆ ಅಂಟಿದರೆ ತೂಕ ಬದಲಾಗುತ್ತದೆ, ಬೆರಳಿನ ಬಿಸಿ ತಾಗಿದ ಬಟ್ಟು ಗಾಳಿಮರೆಯೊಳಗೆ ಗಾಳಿ ಎಬ್ಬಿಸುತ್ತದೆ. ಪೆಟ್ಟಿಗೆಯನ್ನು ಸ್ಕೇಲ್ ಇರುವ ಕೋಣೆಯಲ್ಲೇ ಇಟ್ಟಿರಿ, ಎರಡಕ್ಕೂ ಒಂದೇ ಬಿಸಿ ಇರಲಿ.